ಒಂದೇ ಷಡ್ಜದೊಳಗೆ ಇಷ್ಟೊಂದು ಸ್ವರಗಳೇ!

ಕಂಪ್ಯೂಟರಿನಲ್ಲಿ ಯಾವುದಾದರೊಂದು ಸಿಂಥಸೈಜರ್ ತೆರೆಯಿರಿ. ಗರಗಸದ ಹಲ್ಲಿನಾಕಾರದ ಸಾಟೂತ್ ಅಲೆಯನ್ನು ಆರಿಸಿ, 110 ಹರ್ಟ್ಜ್‌ನಲ್ಲಿ ಒಂದೇ ಒಂದು ಷಡ್ಜ ಹಿಡಿಯಿರಿ. ಗುಂಯ್ ಎನ್ನುವ ಒರಟು ಸದ್ದು, ಅಷ್ಟೇ. ಈಗ ಲೋ-ಪಾಸ್ ಫಿಲ್ಟರ್ ಹಾಕಿ ಕಟಾಫನ್ನು (ಫಿಲ್ಟರ್ ಯಾವ ಕಂಪನದಿಂದ ಮೇಲಿನದನ್ನು ತಗ್ಗಿಸಬೇಕೆಂಬ ಗೆರೆ) ತಳಕ್ಕಿಳಿಸಿ, ರೆಸೊನೆನ್ಸ್ ಚೆನ್ನಾಗಿ ಏರಿಸಿ, ಕಟಾಫ್ ನಾಬನ್ನು ಮೆಲ್ಲಗೆ, ಬಲು ಮೆಲ್ಲಗೆ ತಿರುಗಿಸುತ್ತ ಬನ್ನಿ. 220ಕ್ಕೆ ಮೇಲಿನ ಷಡ್ಜ ಮಿನುಗಿತು! 330ಕ್ಕೆ ಪಂಚಮ! 440ಕ್ಕೆ ಮತ್ತೆ ಷಡ್ಜ. ಆಮೇಲೆ 550ಕ್ಕೆ, ಅರೆ, ಗಾಂಧಾರ! ಒತ್ತಿದ್ದು ಒಂದೇ ಕೀ; ಇವೆಲ್ಲ ಎಲ್ಲಿದ್ದವು?

ಅದೇ ಷಡ್ಜದೊಳಗೆ. ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಸ್ವಯಂಭು ಗಾಂಧಾರ ಕೇಳಿಸುತ್ತದಲ್ಲ, ಅದೇ ಇದು! ಅಲ್ಲಿ ತಂತಿಯಡಿಯ ನೂಲೆಳೆ ಮಾಡುವ ಕೆಲಸವನ್ನು ಇಲ್ಲಿ ರೆಸೊನೆನ್ಸ್ ಮಾಡುತ್ತದೆ. ಫಿಲ್ಟರಿನಿಂದ ಹೊರಬಂದ ಸದ್ದಿನ ಒಂದು ಪಾಲನ್ನು ಮತ್ತೆ ಅದಕ್ಕೇ ಉಣಿಸಿದಾಗ ಕಟಾಫ್ ಸುತ್ತಲಿನ ಕಂಪನಗಳು ಉಬ್ಬುತ್ತವೆ. ಕಟಾಫಿಗಿಂತ ಮೇಲಿನವು ಉಡುಗುತ್ತವೆ. ರಾಬರ್ಟ್ ಮೂಗ್ 1969ರಲ್ಲಿ ಪೇಟೆಂಟ್ ಪಡೆದ ಲ್ಯಾಡರ್ ಫಿಲ್ಟರಿನಲ್ಲಂತೂ ಪ್ರತಿ ಸ್ಥಾಯಿಗೆ 24 ಡೆಸಿಬೆಲ್ ಇಳಿತ. ಒಂದು ಸ್ಥಾಯಿ ಏರಿದರೆ ಅಲೆಯ ಎತ್ತರ ಹದಿನಾರನೇ ಒಂದು ಪಾಲಿಗೆ ಕುಸಿಯುತ್ತದೆ!

ಇನ್ನೂ ಬೆರಗಾಗಬೇಕೇ? 1982ಕ್ಕೆ, ಮುಂಬಯಿಗೆ ಬನ್ನಿ. ಹಿಂದಿ ಚಿತ್ರಗಳ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್, ರೋಲೆಂಡ್ ಕಂಪನಿಯ ಟಿಬಿ-303 ಎಂಬ ಪುಟ್ಟ ಬೇಸ್ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಭೈರವ್, ಯಮನ್, ಮಾಲ್‌ಕೌಂಸ್ ಸೇರಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಸ್ವರದಿಂದ ಸ್ವರಕ್ಕೆ ಜಾರುವ ಸ್ಲೈಡ್ ಆ ಪೆಟ್ಟಿಗೆಯಲ್ಲೇ ಇತ್ತು. ಮೀಂಡಿಗೆ ಇನ್ನೇನು ಬೇಕು! ಈ ರಾಗಗಳ ಧ್ವನಿಮುದ್ರಣದ ತಟ್ಟೆ ಅಷ್ಟಾಗಿ ಮಾರಾಟವಾಗಲಿಲ್ಲ. ಐದು ವರ್ಷದ ಮೇಲೆ ಷಿಕಾಗೋದ ಫ್ಯೂಚರ್ ತಂಡ ಅದೇ 303ರ ಕಟಾಫ್, ರೆಸೊನೆನ್ಸ್ ನಾಬುಗಳನ್ನು ತಿರುಚಿ ಚೀರಿಸಿ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದಿತು, ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತ ಲೋಕವೆಲ್ಲ ಹಬ್ಬಿತು. ಸಿಂಗ್ ಅವರ ತಟ್ಟೆ 2010ರಲ್ಲಿ ಮರುಮುದ್ರಣಗೊಂಡಾಗ ಕೇಳಿದವರು ದಂಗಾದರು. ಆಗದೇ ಇರುತ್ತಾರೆಯೇ?

ಮಿಕ್ಸಿಂಗಿಗೆ ಕೂತಾಗ ಇದರ ತಲೆಕೆಳಗಿನ ಆಟ ನನಗೆ ಇನ್ನೂ ಇಷ್ಟ. ಕಿಕ್ ಡ್ರಮ್ಮಿನ ತಿರುಳು ಸುಮಾರು 50–60 ಹರ್ಟ್ಜ್‌ನಲ್ಲಿರುತ್ತದೆ. ಹಿನ್ನೆಲೆಯಲ್ಲಿ ಹರಡಿ ನಿಲ್ಲುವ ಸಿಂಥ್ ದನಿಯಾದ ಪ್ಯಾಡಿನ ಮಂದ್ರ ಅದರ ಮೇಲೆ ಬಿದ್ದರೆ ಎಲ್ಲ ಕೆಸರು. ಪ್ಯಾಡಿಗೆ ಹೈ-ಪಾಸ್ ಹಾಕಿ 150ರ ಕೆಳಗಿನದನ್ನು ಇಳಿಸಿಬಿಡಿ. ಒಂಟಿಯಾಗಿ ಕೇಳಿದರೆ ಪ್ಯಾಡ್ ಸೊರಗಿದಂತಿರುತ್ತದೆ (ಸೋಲೊ ಬಟನ್ ಒತ್ತಿ ಗಾಬರಿಯಾಗುವವರೇ ಹೆಚ್ಚು). ಎಲ್ಲ ಟ್ರ್ಯಾಕುಗಳ ಜೊತೆ ಕೇಳಿ: ಕಿಕ್ ಎದೆಗೆ ಗುದ್ದುತ್ತದೆ, ಪ್ಯಾಡೂ ತುಂಬಿಕೊಂಡಿದೆ!

ಅದು ಹೇಗೆ? ಮೊದಲಿನ ಷಡ್ಜಕ್ಕೇ ಮರಳಿ, 110 ಹರ್ಟ್ಜನ್ನು ಹೈ-ಪಾಸಿನಿಂದ ಪೂರ್ತಿ ಅಳಿಸಿಬಿಡಿ. ಷಡ್ಜ ಒಂದು ಸ್ಥಾಯಿ ಮೇಲಕ್ಕೆ ನೆಗೆಯಬೇಕಿತ್ತು, ನೆಗೆಯುವುದಿಲ್ಲ! 220, 330, 440, 550 ಎಲ್ಲವೂ 110ರ ಗುಣಕಗಳೆಂದು ಮಿದುಳು ಗುರುತಿಸಿ, ಇಲ್ಲದ ಸ್ವರವನ್ನು ತಾನೇ ಕೇಳಿಸಿಕೊಳ್ಳುತ್ತದೆ. ಹಳೆಯ ಟೆಲಿಫೋನು 300 ಹರ್ಟ್ಜ್‌ಗಿಂತ ಕೆಳಗಿನದನ್ನು ಹೆಚ್ಚುಕಡಿಮೆ ಸಾಗಿಸುತ್ತಲೇ ಇರಲಿಲ್ಲ. ಆದರೂ ಅಪ್ಪನ ಗಡಸು ದನಿ ಗಡಸಾಗಿಯೇ ಬರುತ್ತಿತ್ತಲ್ಲವೇ? ಅಂಗೈಯಗಲದ ಮೊಬೈಲ್ ಸ್ಪೀಕರಿನಲ್ಲೂ ಬೇಸ್‌ಲೈನ್ ಸಿಗುವುದು ಈ ಮಾಯೆಯಿಂದಲೇ!