ವರದಿ ತಂತ್ರಾಂಶದ ತರಬೇತಿಯನ್ನು ಆರಿಸಿಕೊಳ್ಳುವ ಬಗೆ

ಜೂನ್ ತಿಂಗಳಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ಬಂತೆಂದರೆ ಕಾಸರಗೋಡು ಸೀಮೆಯ ಮುಖ್ಯೋಪಾಧ್ಯಾಯರಿಗೆ ಎದೆಯಲ್ಲಿ ಅಳುಕು. ಆ ದಿನದ ಮಕ್ಕಳ ಸಂಖ್ಯೆಯ ಮೇಲೆ ಕೇರಳದಲ್ಲಿ ಡಿವಿಷನ್ನುಗಳೂ ಉಪಾಧ್ಯಾಯರ ಹುದ್ದೆಗಳೂ ನಿರ್ಧಾರವಾಗತಕ್ಕವು. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಕೆಲವೇ ಮಕ್ಕಳ ಹೆಚ್ಚು ಕಡಿಮೆಗೆ ಎಷ್ಟು ಬೆಲೆಯುಂಟೆಂಬುದನ್ನು ಗಡಿನಾಡಿನ ಉಪಾಧ್ಯಾಯ ಬಂಧುಗಳಿಗೆ ನಾವು ಬೇರೆಯಾಗಿ ಹೇಳಬೇಕಾದುದಿಲ್ಲ. ಹಿಂದೆ ಈ ಲೆಕ್ಕ ಹಾಜರಿ ಪುಸ್ತಕದಿಂದ ಬರುತ್ತಿತ್ತು. ಈಗ ‘ಸಂಪೂರ್ಣ’ ಎಂಬ ತಂತ್ರಾಂಶದೊಳಗಿನ ದಾಖಲೆಯಿಂದ ಬರುತ್ತದೆ. ಅದಲ್ಲದೆ ವಿದ್ಯಾರ್ಥಿವೇತನದ ಪಟ್ಟಿ, ಮಧ್ಯಾಹ್ನದ ಊಟದ ಲೆಕ್ಕ, ಪರೀಕ್ಷೆಯ ಅಂಕಗಳು ಎಂದು ಒಂದೊಂದೂ ಒಂದೊಂದು ಕಡೆ. ಇವನ್ನೆಲ್ಲ ಕೂಡಿಸಿ ಬೇಕಾದ ಪಟ್ಟಿ ತೆಗೆಯುವ ವಿದ್ಯೆಯೇ ಡೇಟಾಬೇಸಿನ ವರದಿ ತಯಾರಿಕೆ. ಅದನ್ನು ಕಲಿಸುವುದಾಗಿ ಹೇಳುವ ತರಬೇತಿಗಳು ಈಚೆಗೆ ಬಹಳ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದೇ ಈ ಲೇಖನದ ವಿಷಯ.

ನಾವು ಮೊದಲು ಆರಿಸಿದ್ದು ತಪ್ಪಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಗುಮಾಸ್ತರನ್ನೂ ಒಬ್ಬ ಕಿರಿಯ ಅಧ್ಯಾಪಿಕೆಯನ್ನೂ ಪಟ್ಟಣದ ಒಂದು ಸಂಸ್ಥೆಗೆ ಎರಡು ದಿನದ ತರಬೇತಿಗೆ ಕಳುಹಿಸಿದೆವು. ಇಬ್ಬರೂ ಪ್ರಮಾಣಪತ್ರ ಹಿಡಿದುಕೊಂಡು ಬಂದರು. ವರದಿಯ ತಲೆಗೆ ಶಾಲೆಯ ಲಾಂಛನ ಹಾಕುವುದು, ಸಾಲು ಬಿಟ್ಟು ಸಾಲಿಗೆ ಬಣ್ಣ ಬಳಿಯುವುದು, ಪುಟಸಂಖ್ಯೆ ಕೊಡುವುದು ಇವೆಲ್ಲ ಚೆನ್ನಾಗಿ ಬಂದಿದ್ದುವು. ಅಲ್ಲಿ ಅಭ್ಯಾಸಕ್ಕೆ ಕೊಟ್ಟದ್ದು ಪರದೇಶದ ಸೈಕಲ್ ಅಂಗಡಿಯೊಂದರ ಮಾರಾಟದ ಲೆಕ್ಕವಂತೆ.

ಆ ತಿಂಗಳಲ್ಲೇ ಒಂದು ಪಟ್ಟಿ ಬೇಕಾಯಿತು. ಕನ್ನಡ ಮಾಧ್ಯಮದ ಒಂದು ತರಗತಿಯ ಮಕ್ಕಳೂ ಅವರಿಗೆ ದೊರೆಯುವ ವಿದ್ಯಾರ್ಥಿವೇತನಗಳೂ. ಹಾಜರಿ ಪುಸ್ತಕದಲ್ಲಿ 38 ಹೆಸರು; ವರದಿಯಲ್ಲಿ 37 ಸಾಲು. ಒಬ್ಬರ ವ್ಯತ್ಯಾಸ ತಾನೇ, ಎಲ್ಲೋ ಒಂದು ಹೆಸರು ಬಿಟ್ಟುಹೋಗಿರಬೇಕೆಂದು ಆ ಒಂದು ಹೆಸರನ್ನು ಹುಡುಕತೊಡಗಿದೆವು. ಸಿಕ್ಕಲಿಲ್ಲ. ಕೊನೆಗೆ ಒಬ್ಬರು ಪುಸ್ತಕದಿಂದ ಹೆಸರು ಕರೆಯುವುದು, ಇನ್ನೊಬ್ಬರು ವರದಿಯಲ್ಲಿ ಗುರುತು ಹಾಕುವುದು ಎಂದು ಮಾಡಿದಾಗ ಸಂಗತಿ ಹೊರಬಿತ್ತು. ಐವರ ಹೆಸರು ಎರಡೆರಡು ಸಲ ಬಂದಿತ್ತು; ಆರು ಮಕ್ಕಳು ವರದಿಯಲ್ಲಿ ಇಲ್ಲವೇ ಇಲ್ಲ! ಕೂಡಿದ್ದೂ ಕಳೆದದ್ದೂ ಸೇರಿ ಮೊತ್ತ ಸರಿಯಾದುದರ ಹತ್ತಿರಕ್ಕೇ ಬಂದು ನಿಂತಿತ್ತು. ಬಿಟ್ಟುಹೋದ ಆರು ಮಂದಿ ಯಾರು? ಯಾವ ವಿದ್ಯಾರ್ಥಿವೇತನವೂ ಸಿಗದವರು. ನಾವು ಪಟ್ಟಿ ಮಾಡಹೊರಟಿದ್ದೇ ಅವರನ್ನು ಗುರುತಿಸಿ ಅರ್ಜಿ ಹಾಕಿಸುವುದಕ್ಕೆ.

ಹೀಗೇಕಾಯಿತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಕ್ಕಳ ಹೆಸರು ಒಂದು ಕೋಷ್ಟಕದಲ್ಲಿ, ವಿದ್ಯಾರ್ಥಿವೇತನ ಇನ್ನೊಂದು ಕೋಷ್ಟಕದಲ್ಲಿ ಇರುತ್ತದೆ. ಪ್ರವೇಶ ಸಂಖ್ಯೆಯನ್ನು ಹಿಡಿದು ಎರಡನ್ನೂ ಜೋಡಿಸಿದಾಗ, ಎರಡು ವೇತನ ಪಡೆಯುವ ಮಗುವಿಗೆ ಎರಡು ಸಾಲು ಏಳುತ್ತವೆ. ನಾವು ಬೇರೆ ಹೇಳದಿದ್ದರೆ ಹಲವು ತಂತ್ರಾಂಶಗಳು ಎರಡು ಕೋಷ್ಟಕದಲ್ಲಿಯೂ ಇರುವವರನ್ನು ಮಾತ್ರ ಜೋಡಿಸುತ್ತವೆ. ಆದುದರಿಂದ ವೇತನವಿಲ್ಲದ ಮಗು ಸದ್ದಿಲ್ಲದೆ ಜಾರಿಬೀಳುತ್ತದೆ. ಯಂತ್ರ ತಪ್ಪು ಮಾಡಿಲ್ಲ, ಕೇಳಿದ್ದನ್ನು ಕೊಟ್ಟಿದೆ. ಮೊದಲನೆಯ ಕೋಷ್ಟಕದವರೆಲ್ಲ ಬರಲಿ, ಎರಡನೆಯದರಲ್ಲಿ ಇದ್ದರೆ ಸೇರಲಿ ಎಂದು ಹೇಳುವ ಬೇರೊಂದು ಬಗೆಯ ಜೋಡಣೆಯುಂಟು. ಅದನ್ನು ತಿಳಿದ ಮೇಲೆ ನಮ್ಮ ಅಧ್ಯಾಪಿಕೆ ವರದಿಯನ್ನು ಸರಿಪಡಿಸಲು ಹತ್ತು ನಿಮಿಷ ಹಿಡಿಯಲಿಲ್ಲ.

ಇಂಥದೇ ಇನ್ನೊಂದು ಮೋಸ ಖಾಲಿ ಬಿಟ್ಟ ಮನೆಯಲ್ಲಿದೆ. ಪ್ರಥಮ ಭಾಷೆ ಮಲಯಾಳವಲ್ಲದ ಮಕ್ಕಳನ್ನು ತೋರಿಸು ಎಂದರೆ, ಭಾಷೆಯ ಅಂಕಣ ತುಂಬದೆ ಉಳಿದ ಮಕ್ಕಳು ಬರುವುದಿಲ್ಲ. ಖಾಲಿ ಎಂದರೆ ‘ಅಲ್ಲ’ ಎಂದಲ್ಲ, ‘ತಿಳಿಯದು’ ಎಂದು ಡೇಟಾಬೇಸಿನ ಅರ್ಥ. ಕನ್ನಡ ಎಂಬ ಒಂದೇ ಮಾತನ್ನು ಗುಮಾಸ್ತರೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಒಂದು ರೀತಿ, ಮತ್ತೊಬ್ಬರು ಮತ್ತೊಂದು ರೀತಿ ಬರೆದಿದ್ದರೆ ವರದಿಯಲ್ಲಿ ಅದು ಎರಡು ಭಾಷೆಯಾಗುತ್ತದೆ. ಗಡಿನಾಡಿನಲ್ಲಿ ಇದು ತಮಾಷೆಯ ಮಾತಲ್ಲ.

ಆದುದರಿಂದ ತರಬೇತಿಯನ್ನು ಆರಿಸುವಾಗ ನಾವು ಈಗ ಮೊದಲು ಕೇಳುವುದು ಇದನ್ನೇ: ಕೋಷ್ಟಕಗಳ ಜೋಡಣೆಗೆ ಎಷ್ಟು ಹೊತ್ತು ಕೊಡುತ್ತೀರಿ? ಖಾಲಿ ಮನೆಯ ವಿಚಾರ ಹೇಳಿಕೊಡುತ್ತೀರಾ? ಬಂದ ಮೊತ್ತವನ್ನು ಪರೀಕ್ಷಿಸುವ ಕ್ರಮ ಪಾಠದಲ್ಲಿದೆಯೇ? ಉತ್ತರ ತಡವರಿಸಿದರೆ ಆ ತರಬೇತಿ ಬೇಡ. ಗುಂಡಿ ಒತ್ತುವ ಕ್ರಮವನ್ನು ಮಾತ್ರ ಕಲಿತರೆ ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಕಲಿತದ್ದು ಹಳಸುತ್ತದೆ. ಒಳಗಿನ ತತ್ತ್ವ ಹಾಗಲ್ಲ. ಕೋಷ್ಟಕಗಳ ಸಂಬಂಧದ ಈ ವಿಚಾರವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರಕಟಿಸಿದರು. ಅದರ ಮೇಲೆ ಬೆಳೆದ ಎಸ್‌ಕ್ಯೂಎಲ್ ಎಂಬ ಪ್ರಶ್ನೆಯ ಭಾಷೆ 1986ರಲ್ಲಿ ಅಮೆರಿಕದಲ್ಲಿ ಪ್ರಮಾಣಭಾಷೆಯಾಯಿತು. ಇಂದಿಗೂ ಹೆಚ್ಚಿನ ವರದಿ ತಂತ್ರಾಂಶಗಳ ಬೆನ್ನ ಹಿಂದೆ ನಿಂತಿರುವುದು ಅದೇ. ಅದರ ನಾಲ್ಕು ವಾಕ್ಯಗಳನ್ನಾದರೂ ಕೈಯಿಂದ ಬರೆಯಿಸುವ ತರಬೇತಿ ಒಳ್ಳೆಯದು.

ಯಾವ ತಂತ್ರಾಂಶ ಎಂಬುದು ಎರಡನೆಯ ಮಾತು. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಸುಲಭವಾದುದೇ. ಆದರೆ ಹಣ ಕೊಟ್ಟು ಕೊಳ್ಳಬೇಕು, ವಿಂಡೋಸ್ ಬೇಕು. ಕೇರಳದ ಶಾಲೆಗಳ ಕಂಪ್ಯೂಟರುಗಳು ಕೈಟ್ ಸಂಸ್ಥೆಯ ಗ್ನು-ಲಿನಕ್ಸಿನಲ್ಲಿ ನಡೆಯುವುದರಿಂದ, ಅಲ್ಲಿ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಬೇಸ್ ನಮಗೆ ಹೊಂದಿತು. ಕ್ರಿಸ್ಟಲ್ ರಿಪೋರ್ಟ್ಸ್ ಬಲ್ಲವರಿಗೆ ಕಚೇರಿಗಳಲ್ಲಿ ಬೇಡಿಕೆಯುಂಟು, ಶಾಲೆಗೆ ಅದು ಅಗತ್ಯವಿಲ್ಲ. 2015ರಲ್ಲಿ ಎಲ್ಲರಿಗೂ ದೊರೆತ ಪವರ್ ಬಿಐ ಚಿತ್ರಪಟಗಳಿಗೆ ಸೊಗಸು. ತೀರ ಸಣ್ಣ ಶಾಲೆಗೆ ಸ್ಪ್ರೆಡ್‌ಶೀಟೇ ಸಾಕೆಂದು ಹೇಳಲು ನಮಗೆ ಸಂಕೋಚವಿಲ್ಲ.

ಕಲಿಯುವ ಕ್ರಮದಲ್ಲಿಯೂ ಆಯ್ಕೆಯಿದೆ. ಮುಂಬಯಿಯ ಐಐಟಿ ನಡೆಸುವ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಬೇಸ್ ತಂತ್ರಾಂಶದ ಪಾಠಗಳು ಚಿಕ್ಕ ಚಿಕ್ಕ ತುಂಡುಗಳಾಗಿವೆ. ಯೋಜನೆಯ ಹಲವು ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ಸ್ವಲ್ಪ ಕೇಳಿ, ನಿಲ್ಲಿಸಿ, ತಾನೇ ಮಾಡಿನೋಡಿ, ಮತ್ತೆ ಮುಂದುವರಿಯುವ ಈ ಪದ್ಧತಿ ನಮ್ಮ ಗುಮಾಸ್ತರಿಗೆ ಹಿಡಿಸಿತು. ತತ್ತ್ವವನ್ನು ಆಳವಾಗಿ ಕಲಿಯಬೇಕೆನ್ನುವವರಿಗೆ ಎನ್‌ಪಿಟೆಲ್ ಪಾಠಗಳು ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಅವು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ಮಾಡಿದವು, ಗಣಿತದ ಉಪಾಧ್ಯಾಯರು ಧೈರ್ಯ ಮಾಡಬಹುದು. ಎದುರಿಗೆ ಕುಳಿತು ಕಲಿಸುವವರು ಬೇಕೆಂದಿದ್ದರೆ ಸತತ ಎರಡು ದಿನದ ತರಬೇತಿಗಿಂತ ವಾರಕ್ಕೊಂದು ಮಧ್ಯಾಹ್ನದಂತೆ ಆರು ವಾರ ಲೇಸು. ನಡುವಿನ ದಿನಗಳಲ್ಲಿ ಸ್ವಂತ ಕೆಲಸದಲ್ಲಿ ಎಡವಿ, ಆ ಎಡವಿದ್ದನ್ನೇ ಪ್ರಶ್ನೆಯಾಗಿ ಒಯ್ಯಬಹುದು. ಬೋಧನಶಾಸ್ತ್ರ ಓದಿದ ನಾವು ಮಕ್ಕಳ ವಿಷಯದಲ್ಲಿ ಇದನ್ನು ಬಲ್ಲೆವು, ನಮ್ಮ ವಿಷಯದಲ್ಲಿ ಮರೆಯುತ್ತೇವೆ.

ಹೊರಡುವ ಮೊದಲು ತಮಗೆ ಬೇಕಾದ ಮೂರು ವರದಿಗಳನ್ನು ಕಾಗದದಲ್ಲಿ ಗೆರೆ ಹಾಕಿ ಬರೆದುಕೊಂಡು ಹೋಗಬೇಕು. ಶಾಲೆಯ ದಾಖಲೆಯ ಪ್ರತಿಯನ್ನೂ ಒಯ್ಯುವುದು ಒಳಿತು. ಆದರೆ ಮಕ್ಕಳ ಹೆಸರು ಬದಲಿಸಿ, ಆಧಾರ್ ಸಂಖ್ಯೆ, ಫೋನ್ ಸಂಖ್ಯೆ ಅಳಿಸಿ. ಹೊರಗಿನವರ ಯಂತ್ರದಲ್ಲಿ ನಮ್ಮ ಮಕ್ಕಳ ವಿವರ ಉಳಿಯಕೂಡದು.

ಈಗ ನಮ್ಮ ಶಾಲೆಯಲ್ಲಿ ಒಂದು ರೂಢಿಯಾಗಿದೆ. ಯಾವ ವರದಿ ಬಂದರೂ ಅದರ ಮೊತ್ತದ ಪಕ್ಕದಲ್ಲಿ ಹಾಜರಿ ಪುಸ್ತಕದ ಮೊತ್ತವನ್ನು ಪೆನ್ಸಿಲಿನಲ್ಲಿ ಬರೆಯುತ್ತೇವೆ. ಎರಡೂ ಒಂದೇ ಆಗಿದ್ದರೂ ಅಧ್ಯಾಪಿಕೆ ಒಂದು ಡಿವಿಷನ್ನಿನ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ, ಗುಮಾಸ್ತರು ಗುರುತು ಹಾಕುತ್ತಾರೆ. ಆಮೇಲೆ ನಾವು ರುಜು ಮಾಡುತ್ತೇವೆ.