ಮೀನುದೋಣಿಯ ಹಿಂಬದಿ ಹಲಗೆಯ ಆಧಾರಗಳು: ದುರಸ್ತಿ ಮತ್ತು ಭದ್ರ ಜೋಡಣೆ

ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳು ಕೆರೆಗಳ ನಾಡು. ದಂಡಾವತಿ, ವರದಾ, ಕುಮುದ್ವತಿ ನದಿಗಳ ಆಸರೆಯ ಈ ಪ್ರದೇಶದ ಕೆರೆಗಳಲ್ಲಿ ಹಾಗೂ ಅಂಜನಾಪುರ ಜಲಾಶಯದಲ್ಲಿ ಮೀನು ಕೃಷಿ ಅನೇಕ ಕುಟುಂಬಗಳಿಗೆ ಉಪ ಆದಾಯ ನೀಡುತ್ತದೆ. ಕಾಟ್ಲಾ, ರೋಹು, ಮೃಗಾಲ್ ಹಿಡಿಯುವಾಗ ಬಲೆ ಎಳೆಯಲು, ನೀರಿಗಿಳಿದು ಸಿಕ್ಕು ಬಿಡಿಸಲು ಮತ್ತು ಮರಳಿ ದೋಣಿ ಹತ್ತಲು ಫೈಬರ್ ದೋಣಿಯ ಹಿಂಬದಿಗೆ ಹಲಗೆಯೊಂದನ್ನು ಜೋಡಿಸಿದ್ದಲ್ಲಿ, ಅದರ ಆಧಾರಗಳ ಭದ್ರತೆಯು ಜೀವರಕ್ಷಣೆಯ ವಿಷಯವಾಗಿರುತ್ತದೆ. ಆಧಾರ ಕಳಚಿದರೆ ನಿಂತವರು ಬಲೆಯೊಡನೆ ನೀರಿಗೆ ಬೀಳುತ್ತಾರೆ. ಜೊಂಡು ಮತ್ತು ಕೆಸರಿರುವ ಕೆರೆಯಲ್ಲಿ ಈಜು ಬಲ್ಲವರಿಗೂ ಇದು ಅಪಾಯಕಾರಿ.

ಆಧಾರಗಳು ಸಡಿಲಗೊಳ್ಳಲು ಕಾರಣಗಳು

ಹಲಗೆಯ ಹೊರ ಅಂಚಿನಲ್ಲಿ ನಿಂತವರ ಭಾರವು ಸನ್ನೆಕೋಲಿನಂತೆ ವರ್ತಿಸುತ್ತದೆ. ವ್ಯಕ್ತಿ ಮತ್ತು ತೊಯ್ದ ಬಲೆ ಸೇರಿ 100 ಕೆ.ಜಿ. ಭಾರವು ದೋಣಿಯ ಹಿಂಗೋಡೆಯಿಂದ 60 ಸೆಂ.ಮೀ. ದೂರದಲ್ಲಿದೆಯೆಂದು ಭಾವಿಸೋಣ. ಮೇಲಿನ ಬೋಲ್ಟುಗಳಿಗೂ ಓರೆ ಆಧಾರದ ಬುಡಕ್ಕೂ 20 ಸೆಂ.ಮೀ. ಅಂತರವಿದ್ದರೆ, ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಎಳೆಯುವ ಬಲ 300 ಕೆ.ಜಿ. ಆಗುತ್ತದೆ. ಅದೇ ಅಂತರವನ್ನು 30 ಸೆಂ.ಮೀ.ಗೆ ಹೆಚ್ಚಿಸಿದರೆ ಬಲವು 200 ಕೆ.ಜಿ.ಗೆ ಇಳಿಯುತ್ತದೆ. ಆದ್ದರಿಂದ ಹಲಗೆ ಅಗಲವಾದಷ್ಟೂ ಓರೆ ಆಧಾರವು ಉದ್ದವಾಗಿರಬೇಕು. ಮೇಲಿಂದ ಧುಮುಕಿದಾಗ ಈ ಬಲ ಇನ್ನೂ ಅಧಿಕವಾಗುತ್ತದೆ.

ಹಿಂಗೋಡೆಗೆ ಕೇವಲ ತಿರುಪು ಮೊಳೆಗಳಿಂದ ಜೋಡಿಸುವುದು ಎರಡನೆಯ ದೋಷ. ಮೊಳೆಯ ರಂಧ್ರದಿಂದ ನೀರು ಒಳಸೇರಿ ಫೈಬರ್ ಪದರಗಳ ನಡುವಿನ ಪ್ಲೈವುಡ್ ಕೊಳೆಯುತ್ತದೆ. ಆಗ ಹೊರನೋಟಕ್ಕೆ ದೋಣಿ ಗಟ್ಟಿಯಾಗಿದ್ದರೂ ಮೊಳೆಗೆ ಹಿಡಿತವಿರುವುದಿಲ್ಲ.

ಪರೀಕ್ಷೆ

ಬೇಸಿಗೆಯಲ್ಲಿ ದೋಣಿಯನ್ನು ದಡಕ್ಕೆ ಎಳೆದಾಗ ಕೆಳಗಿನವುಗಳನ್ನು ಗಮನಿಸಬೇಕು.

1. ಹಲಗೆಯ ಅಂಚನ್ನು ಮೇಲೆ ಕೆಳಗೆ ಅಲುಗಿಸಿದಾಗ ಆಧಾರದ ಬುಡದಲ್ಲಿ ಚಲನೆ ಕಾಣುವುದೇ?
2. ಬೋಲ್ಟಿನ ಸುತ್ತ ಬಿರುಕು ಅಥವಾ ತುಕ್ಕಿನ ಕಲೆ ಇದೆಯೇ?
3. ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಮಂದ ಸದ್ದು ಬರುವುದೇ? ಮಂದ ಸದ್ದು ಒಳಕೊಳೆತದ ಸೂಚನೆ.

ದುರಸ್ತಿ ವಿಧಾನ

ಆಧಾರಗಳನ್ನು ಪೂರ್ಣವಾಗಿ ಬಿಚ್ಚಿ, ಹಳೆಯ ಅಂಟನ್ನು ಕೆರೆದು ತೆಗೆಯಬೇಕು. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು, ಚೆನ್ನಾಗಿ ಒಣಗಲು ಬಿಡಬೇಕು. ತೇವವಿರುವಾಗ ಎಪಾಕ್ಸಿ ಹಾಕಿದರೆ ಅದು ಹಿಡಿಯುವುದಿಲ್ಲ. ಕೊಳೆತವು ಅಂಗೈಗಿಂತ ಹೆಚ್ಚು ಅಗಲ ಹರಡಿದ್ದಲ್ಲಿ ಫೈಬರ್ ದೋಣಿ ಕಟ್ಟುವ ನುರಿತವರಿಂದಲೇ ಹಿಂಗೋಡೆಯ ಆ ಭಾಗವನ್ನು ಬದಲಿಸಿಕೊಳ್ಳುವುದು ಸೂಕ್ತ.

ಮರ ಗಟ್ಟಿಯಿದ್ದಲ್ಲಿ, 10 ಮಿ.ಮೀ. ಬೋಲ್ಟಿಗಾಗಿ ಮೊದಲು 16 ಮಿ.ಮೀ. ರಂಧ್ರ ಕೊರೆದು, ಅದನ್ನು ಗಟ್ಟಿಗೊಳಿಸಿದ ಎಪಾಕ್ಸಿಯಿಂದ ತುಂಬಿ, ಅದು ಪೂರ್ಣ ಗಟ್ಟಿಯಾದ ನಂತರ ನಡುವೆ 10 ಮಿ.ಮೀ. ರಂಧ್ರ ಕೊರೆಯಬೇಕು. ಹೀಗೆ ಮಾಡಿದರೆ ಬೋಲ್ಟಿನ ಸುತ್ತ ನೀರು ಜಿನುಗಿದರೂ ಮರಕ್ಕೆ ತಲುಪುವುದಿಲ್ಲ. ಫೈಬರ್ ಕೊರೆಯುವಾಗ ಮುಖಗವಸು, ಕನ್ನಡಕ ಮತ್ತು ಕೈಗವಸು ಕಡ್ಡಾಯ.

ಭದ್ರ ಜೋಡಣೆ

• ಹಿಂಗೋಡೆಯ ಆಚೆಯಿಂದ ಈಚೆಗೆ ಹಾಯುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳನ್ನೇ ಬಳಸಬೇಕು. ಸಿಹಿನೀರಿಗೆ 304 ದರ್ಜೆ ಸಾಕು.
• ಒಳಬದಿಯಲ್ಲಿ ಬರೀ ವಾಷರ್ ಸಾಲದು. ಕನಿಷ್ಠ 10 × 10 ಸೆಂ.ಮೀ. ಅಳತೆಯ ಲೋಹದ ಪಟ್ಟಿಯಿಟ್ಟು ಭಾರವನ್ನು ಹರಡಬೇಕು.
• ಅಲ್ಯೂಮಿನಿಯಂ ಬ್ರಾಕೆಟ್‌ಗೆ ಸ್ಟೀಲ್ ಬೋಲ್ಟ್ ಹಾಕುವುದಾದರೆ ನಡುವೆ ನೈಲಾನ್ ವಾಷರ್ ಇಡಬೇಕು. ಇಲ್ಲವಾದರೆ ಅಲ್ಯೂಮಿನಿಯಂ ಸವೆಯುತ್ತದೆ.
• ರಂಧ್ರದ ಸುತ್ತ ದೋಣಿಗೆ ಯೋಗ್ಯವಾದ ಪಾಲಿಯುರೆಥೇನ್ ಸೀಲಂಟ್ ಹಚ್ಚಿ, ಅದು ಅಂಚಿನಿಂದ ಹೊರಬರುವಷ್ಟು ಮಾತ್ರ ಮೊದಲು ಬಿಗಿಯಬೇಕು. ಸೀಲಂಟ್ ಗಟ್ಟಿಯಾದ ಮೇಲೆ ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿದು, ಒಳಗಿನ ನಟ್ಟನ್ನಷ್ಟೇ ತಿರುಗಿಸಿ ಪೂರ್ಣ ಬಿಗಿಯಬೇಕು.
• ಅದುರಿಗೆ ಸಡಿಲವಾಗದಂತೆ ನೈಲಾನ್ ಬಳೆಯಿರುವ ನಟ್ಟನ್ನೇ ಬಳಸುವುದು ಉತ್ತಮ.

ಭಾರ ಪರೀಕ್ಷೆ ಮತ್ತು ಬಳಕೆ

ದೋಣಿಯನ್ನು ನೀರಿಗಿಳಿಸುವ ಮುನ್ನ, ಹಿಂಭಾಗದ ತಳಕ್ಕೆ ದಿಮ್ಮಿಗಳ ಆಸರೆ ಕೊಟ್ಟು, ಹಲಗೆಯ ಹೊರ ಅಂಚಿನಲ್ಲಿ 50 ಕೆ.ಜಿ.ಯ ನಾಲ್ಕು ಮರಳಿನ ಚೀಲಗಳನ್ನು ಒಂದೊಂದಾಗಿ ಇಡಬೇಕು. ಅರ್ಧ ಗಂಟೆಯ ನಂತರ ಬುಡದಲ್ಲಿ ಬಿರುಕು ಅಥವಾ ಸಂದು ಕಂಡರೆ ಆ ಜೋಡಣೆ ಬಳಕೆಗೆ ಯೋಗ್ಯವಲ್ಲ. ಈ ಪರೀಕ್ಷೆಯ ವೇಳೆ ಹಲಗೆಯ ಕೆಳಗೆ ಯಾರೂ ಇರಬಾರದು.

ಹಲಗೆಯ ಮೇಲೆ ಒಬ್ಬರೇ ನಿಲ್ಲತಕ್ಕದ್ದು. ಎಂಜಿನ್ ಚಾಲನೆಯಲ್ಲಿದ್ದಾಗ ಯಾರೂ ನಿಲ್ಲಬಾರದು. ಮೊದಲ ವಾರದ ನಂತರ ಒಮ್ಮೆ, ಆಮೇಲೆ ಪ್ರತಿ ತಿಂಗಳು ನಟ್ಟುಗಳ ಬಿಗಿಯನ್ನು ನೋಡಬೇಕು. ತೆಪ್ಪಕ್ಕೆ ಇಂಥ ಹಲಗೆ ಜೋಡಿಸಲೇಬಾರದು, ಏಕೆಂದರೆ ಒಂದು ಬದಿಯ ಭಾರಕ್ಕೆ ಅದು ಮಗುಚುತ್ತದೆ.

ಜೋಡಣೆ ಎಷ್ಟೇ ಭದ್ರವಾಗಿರಲಿ, ಜೀವರಕ್ಷಕ ಜಾಕೆಟ್ ಧರಿಸದೆ ಕೆರೆಗಿಳಿಯಬಾರದು. ವಿಸ್ತರಣಾ ಕಾರ್ಯಕರ್ತರು ಮೀನುಗಾರರ ಸಹಕಾರ ಸಂಘಗಳ ಸಭೆಗಳಲ್ಲಿ ಈ ಭಾರ ಪರೀಕ್ಷೆಯನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿಕೊಡುವುದು ಉಪಯುಕ್ತ.