ಪರೀಕ್ಷೆಗೂ ಒಂದು ಪರೀಕ್ಷೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸುತ್ತಮುತ್ತಲ ಹತ್ತು ಸಾವಿರ ವಯಸ್ಕರು ಎಚ್‌ಐವಿ ಪರೀಕ್ಷೆಗೆ ರಕ್ತ ಕೊಟ್ಟರೆಂದು ಇಟ್ಟುಕೊಳ್ಳಿ. ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಸುಮಾರು ಶೇ 0.2. ಕರ್ನಾಟಕದಲ್ಲಿ ಇದು ತುಸು ಹೆಚ್ಚು. ಲೆಕ್ಕ ಸುಲಭವಾಗಲೆಂದು ದೇಶದ ಸರಾಸರಿಯನ್ನೇ ಹಿಡಿಯೋಣ. ಹಾಗಾದರೆ ಸೋಂಕುಳ್ಳವರು 20 ಮಂದಿ. ಪರೀಕ್ಷೆಯ ಕಿಟ್ ಇವರಲ್ಲಿ ಒಬ್ಬರನ್ನೂ ಬಿಡದೆ ಗುರುತಿಸುತ್ತದೆ. ಸೋಂಕಿಲ್ಲದ ನೂರು ಮಂದಿಯಲ್ಲಿ ಒಬ್ಬರನ್ನು ಮಾತ್ರ ತಪ್ಪಾಗಿ ‘ಇದೆ’ ಎನ್ನುತ್ತದೆ. ಒಳ್ಳೆಯ ಕಿಟ್ಟೇ ಅಲ್ಲವೆ?

ಈಗ ಕೂಡಿಸಿ ನೋಡಿ. ಸೋಂಕಿಲ್ಲದವರು 9,980. ನೂರಕ್ಕೊಬ್ಬರಂತೆ ಸುಮಾರು 100 ಮಂದಿ ತಪ್ಪಾಗಿ ಸಿಕ್ಕಿಬೀಳುತ್ತಾರೆ. ಒಟ್ಟು 120 ಮಂದಿಯ ಕೈಗೆ ‘ಪಾಸಿಟಿವ್’ ಎಂಬ ಚೀಟಿ; ನಿಜವಾಗಿ ಸೋಂಕಿರುವುದು ಆರು ಮಂದಿಗೆ ಒಬ್ಬರಂತೆ! ಉಳಿದ ಐವರ ಮನೆಗಳಲ್ಲಿ ಆ ಒಂದು ಚೀಟಿ ಎಂಥ ಅನಾಹುತ ಮಾಡೀತೆಂಬುದನ್ನು ಬೇರೆ ಹೇಳಬೇಕಿಲ್ಲ.

ಆದ್ದರಿಂದಲೇ ನಮ್ಮ ದೇಶದಲ್ಲಿ ಒಂದೇ ಪರೀಕ್ಷೆಯನ್ನು ನಂಬಿ ಯಾರಿಗೂ ಸೋಂಕಿದೆ ಎನ್ನುವಂತಿಲ್ಲ. ಬೇರೆ ಬೇರೆ ತತ್ತ್ವದ ಮೂರು ಕಿಟ್‌ಗಳೂ ‘ಇದೆ’ ಎನ್ನಬೇಕು. ತುಂಗಭದ್ರೆಯಲ್ಲಿ ಹರಿಗೋಲಿನಿಂದ ಬಲೆ ಬೀಸುವವರು ಸಣ್ಣ ಕಣ್ಣಿನ ಬಲೆ ಹಾಕಿದರೆ ಮೀನಿನ ಜೊತೆ ಕಸಕಡ್ಡಿಯೂ ಬರುತ್ತದೆ. ಆಮೇಲೆ ಕೈಯಿಂದ ಆರಿಸುತ್ತಾರೆ. ಮೊದಲ ಕಿಟ್ ಆ ಬಲೆ, ಮುಂದಿನ ಎರಡು ಆರಿಸುವ ಕೈ. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ನಿರ್ಮಲಾ ಸಂಗ್ರಹಿಸಿದ ರಕ್ತವನ್ನು ವೆಲ್ಲೂರಿನಲ್ಲಿ ಪರೀಕ್ಷಿಸಲಾಯಿತು. ಖಚಿತಪಡಿಸಿಕೊಳ್ಳಲು ಮಾದರಿಗಳು ಅಮೆರಿಕಕ್ಕೂ ಹೋದವು.

ಕಿಟ್ ಒಳ್ಳೆಯದೆಂದು ಹೇಳುವವರು ಯಾರು? ಅದಕ್ಕೂ ಪರೀಕ್ಷೆಯುಂಟು. ಸೋಂಕು ಇದೆಯೇ ಇಲ್ಲವೇ ಎಂಬುದು ಮೊದಲೇ ಗೊತ್ತಿರುವ ರಕ್ತದ ಮಾದರಿಗಳಿಗೆ ಬರೀ ಸಂಖ್ಯೆ ಬರೆದು ಕೊಡುತ್ತಾರೆ. ಉತ್ತರ ತಿಳಿಯದೆ ಕಿಟ್ ಬಳಸಬೇಕು. ಆಮೇಲೆ ತಾಳೆ ನೋಡುತ್ತಾರೆ. ಪ್ರಯೋಗಾಲಯದ ಕೆಲಸಗಾರರ ಕೈಯನ್ನೂ ಹೀಗೆಯೇ ಆಗಾಗ ಪರೀಕ್ಷಿಸುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಇಂಥ ರಾಷ್ಟ್ರೀಯ ಉಲ್ಲೇಖ ಪ್ರಯೋಗಾಲಯಗಳಲ್ಲೊಂದು.

ಬೇಗ ಎಂದರೆ ಎಷ್ಟು ಬೇಗ?

ಕಿಟ್‌ಗಳಿಗೆ ನಿಜವಾದ ಕಷ್ಟ ಇರುವುದು ಇಲ್ಲಿ. ಸಾಮಾನ್ಯ ಪರೀಕ್ಷೆ ವೈರಸ್ಸನ್ನು ಹುಡುಕುವುದಿಲ್ಲ. ಅದರ ವಿರುದ್ಧ ಶರೀರ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಅವು ಕಾಣಿಸಿಕೊಳ್ಳಲು ಮೂರು ವಾರದಿಂದ ಮೂರು ತಿಂಗಳು ಬೇಕು. ‘ವಿಂಡೋ ಪೀರಿಯಡ್’ ಎಂದು ಕರೆಯುವ ಈ ಅವಧಿಯಲ್ಲಿ ಸೋಂಕಿದ್ದರೂ ವರದಿ ‘ಇಲ್ಲ’ ಎನ್ನಬಹುದು. ರೋಗ ಹರಡುವ ಸಾಧ್ಯತೆ ಮಾತ್ರ ಆಗಲೇ ಹೆಚ್ಚು. ವೈರಸ್ಸಿನದೇ ಪ್ರೋಟೀನಾದ ಪಿ24 ಅನ್ನೂ ಗುರುತಿಸುವ ನಾಲ್ಕನೆಯ ಪೀಳಿಗೆಯ ಎಲಿಸಾ ಇದಕ್ಕಿಂತ ಕೆಲ ದಿನ ಮುಂಚೆಯೇ ಹಿಡಿಯುತ್ತದೆ. ವೈರಸ್ಸಿನ ಆರ್‌ಎನ್‌ಎ ಹುಡುಕುವ ಪರೀಕ್ಷೆಗೆ ಹತ್ತು ದಿನಗಳ ಸುಮಾರಿಗೇ ಸುಳಿವು ಸಿಗಬಹುದು, ಆದರೆ ಅದು ದುಬಾರಿ. ಯಾವುದು ಎಷ್ಟು ಮುಂದು ಎಂದು ಅಳೆಯಲು, ಒಬ್ಬನೇ ವ್ಯಕ್ತಿ ಸೋಂಕಿನ ಆರಂಭದ ದಿನಗಳಲ್ಲಿ ಮತ್ತೆ ಮತ್ತೆ ಕೊಟ್ಟ ರಕ್ತದ ಸಾಲನ್ನು ಕಿಟ್‌ಗಳ ಮುಂದಿಡುತ್ತಾರೆ. ಯಾವ ದಿನದ ಬಾಟಲಿಯಲ್ಲಿ ಮೊದಲು ಬಣ್ಣ ಬಂತೆಂಬುದೇ ಅಂಕಪಟ್ಟಿ.

ಹೀಗಾಗಿ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದ ಆಪ್ತ ಸಮಾಲೋಚಕರು, ಪರೀಕ್ಷೆಗೆ ಬಂದವರನ್ನು ‘ಯಾವಾಗ?’ ಎಂದು ಕೇಳುವುದು ಕುತೂಹಲಕ್ಕಲ್ಲ. ಬಹಳ ಬೇಗ ಬಂದಿದ್ದರೆ ಮತ್ತೊಮ್ಮೆ ಬರಹೇಳುತ್ತಾರೆ. ಪರೀಕ್ಷೆ ಉಚಿತ. 2017ರ ಕಾಯ್ದೆಯ ಪ್ರಕಾರ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು. ಸೋಂಕು ಖಚಿತವಾದರೆ ಚಿಕಿತ್ಸೆಯೂ ಉಚಿತ. ರೋಗ ಬಲಿಯುವವರೆಗೆ ಕಾಯುವ ಪದ್ಧತಿ 2017ರಲ್ಲೇ ಹೋಯಿತು.

ಸೋಂಕಿರುವ ತಾಯಿಯ ಕೂಸಿನದು ಬೇರೆಯೇ ಸಮಸ್ಯೆ. ತಾಯಿಯ ಪ್ರತಿಕಾಯಗಳು ಕೂಸಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ ಸಾಮಾನ್ಯ ಕಿಟ್ ಸೋಂಕಿಲ್ಲದ ಕೂಸಿಗೂ ‘ಇದೆ’ ಎಂದುಬಿಡುತ್ತದೆ. ಅದಕ್ಕೆ ಆರನೆಯ ವಾರದಲ್ಲೇ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಸೋಸುಕಾಗದದ ಮೇಲೆ ಒಣಗಿಸಿ, ವೈರಸ್ಸನ್ನೇ ಹುಡುಕುವ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸಂಡೂರಿನ ಬೇಸಿಗೆಯಲ್ಲೂ ಆ ಕಾಗದಕ್ಕೆ ಮಂಜುಗಡ್ಡೆಯ ಪೆಟ್ಟಿಗೆ ಬೇಕಿಲ್ಲ.